ಬೀಳುವುದನ್ನು ಅಳೆಯುವುದು ಹೇಗೆ: ಮನೆಯಲ್ಲೇ ಗುರುತ್ವ ಬಲ ಕಲಿಯಿರಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ಇದೆ. 1982ರಲ್ಲಿ ಶುರುವಾದ ಈ ಕೇಂದ್ರದವರು ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳ ಮೇಲೆ ಹಗಲೂ ರಾತ್ರಿ ಕಣ್ಣಿಟ್ಟಿರುತ್ತಾರೆ. ಕಳೆದ ಬೇಸಿಗೆ ರಜೆಯಲ್ಲಿ ಅಣ್ಣನ ಮಗಳನ್ನು ಕರೆದುಕೊಂಡು ಆ ದಾರಿಯಲ್ಲಿ ಹೋಗುತ್ತಿದ್ದೆ. ಅವಳು ಆಗಷ್ಟೇ ಒಂಬತ್ತನೇ ತರಗತಿ ಮುಗಿಸಿದ್ದಳು.

"ಅತ್ತೆ, ಅಷ್ಟು ದೊಡ್ಡ ಸ್ಯಾಟಲೈಟು ಕೆಳಗೆ ಯಾಕೆ ಬೀಳಲ್ಲ?"

"ಬೀಳ್ತಾನೇ ಇದೆ ಕಣೇ. ಒಂದು ಕ್ಷಣಾನೂ ನಿಂತಿಲ್ಲ."

ನಾನು ಸುಮ್ನೆ ಹೇಳುತ್ತಿದ್ದೇನೆ ಅಂದುಕೊಂಡಳು. ಗುರುತ್ವದ ಪಾಠದಲ್ಲಿ ಅವಳಿಗೆ ಒಳ್ಳೆಯ ಅಂಕ ಬಂದಿತ್ತು. ಸೂತ್ರ ಕೇಳಿದರೆ ತಟ್ಟನೆ ಹೇಳುತ್ತಿದ್ದಳು. ಆದರೆ ಆ ಸೂತ್ರಕ್ಕೂ ಮರದಿಂದ ಬೀಳುವ ತೆಂಗಿನಕಾಯಿಗೂ ತಲೆಯ ಮೇಲಿರುವ ಉಪಗ್ರಹಕ್ಕೂ ಏನು ಸಂಬಂಧ ಅಂತ ಅವಳಿಗೆ ಯಾರೂ ತೋರಿಸಿರಲಿಲ್ಲ. ಆ ವಯಸ್ಸಿನಲ್ಲಿ ನನಗೂ ಯಾರೂ ತೋರಿಸಿರಲಿಲ್ಲ. ಮೂಡಿಗೆರೆ ಹತ್ತಿರದ ನಮ್ಮ ಊರಿಗೆ ಹೋದ ಮೇಲೆ ನಾಲ್ಕು ದಿನ ಇಬ್ಬರೂ ಕೂತು ಇದನ್ನು ಮೊದಲಿನಿಂದ ಮಾಡಿ ನೋಡಿದೆವು. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತೇನೆ.

ಬೇಕಾದ ಸಾಮಾನು ಕಡಿಮೆ. ಗಟ್ಟಿ ದಾರ, ಒಂದೆರಡು ಕಲ್ಲು, ಅಳತೆ ಟೇಪು, ಎರಡು ನಾಣ್ಯ, ಒಂದು ದಪ್ಪ ಪುಸ್ತಕ, ಮೊಬೈಲಿನ ಸ್ಟಾಪ್‌ವಾಚ್. ಓದಿಕೊಂಡು ಹೋಗುವುದಕ್ಕಿಂತ ಒಂದೊಂದನ್ನೂ ಮಾಡಿಕೊಂಡು ಹೋಗಿ.

ಮೊದಲ ಹೆಜ್ಜೆ: ಎರಡು ವಸ್ತು ಬೀಳಿಸಿ

ಒಂದು ಕೈಯಲ್ಲಿ ಸುಲಿದ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ಒಂದು ಅಡಿಕೆ ಹಿಡಿಯಿರಿ. ಜಗಲಿಯ ಮೇಲೆ ನಿಂತು ಎರಡನ್ನೂ ಒಂದೇ ಎತ್ತರದಿಂದ, ಒಂದೇ ಸಲ ಅಂಗಳಕ್ಕೆ ಬಿಡಿ. ಮೊದಲು ಯಾವುದು ಬೀಳುತ್ತದೆ ಅಂತ ಮನೆಯವರನ್ನೆಲ್ಲ ಮುಂಚೆಯೇ ಕೇಳಿ. ನಮ್ಮ ಮನೆಯಲ್ಲಿ ನಾಲ್ಕರಲ್ಲಿ ಮೂವರು ತೆಂಗಿನಕಾಯಿ ಅಂದರು. ಎರಡೂ ಒಟ್ಟಿಗೇ ಬಿದ್ದವು.

ಈಗ ಒಂದು ಕಾಗದದ ಚೂರು ಬಿಡಿ. ಅದು ತೇಲಿಕೊಂಡು ನಿಧಾನವಾಗಿ ಬರುತ್ತದೆ. "ಹಗುರ ಇದೆ, ಅದಕ್ಕೇ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಆಗ ಅದೇ ಕಾಗದವನ್ನು ದಪ್ಪ ಪುಸ್ತಕದ ಮೇಲಿಟ್ಟು ಪುಸ್ತಕವನ್ನು ಬಿಡಿ. ಕಾಗದ ಪುಸ್ತಕಕ್ಕಿಂತ ಚಿಕ್ಕದಿರಬೇಕು, ಅಂಚು ಹೊರಗೆ ಬರಬಾರದು. ಎರಡೂ ಜೊತೆಯಾಗಿ ಬೀಳುತ್ತವೆ. ಕಾಗದದ ತೂಕ ಬದಲಾಗಲಿಲ್ಲ. ಪುಸ್ತಕ ಗಾಳಿಯನ್ನು ತಾನೇ ಸೀಳಿಕೊಂಡು ಹೋಯಿತು, ಅಷ್ಟೇ.

1971ರಲ್ಲಿ ಅಪೋಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆ, ಒಂದು ಹಕ್ಕಿಯ ಗರಿ ಎರಡನ್ನೂ ಒಟ್ಟಿಗೆ ಬಿಟ್ಟರು. ಅಲ್ಲಿ ಗಾಳಿ ಇಲ್ಲ. ಗರಿಯೂ ಸುತ್ತಿಗೆಯೂ ಒಟ್ಟಿಗೇ ನೆಲ ಮುಟ್ಟಿದವು.

ಯಾಕೆ ಹೀಗೆ? ಭೂಮಿ ತೆಂಗಿನಕಾಯಿಯನ್ನು ಅಡಿಕೆಗಿಂತ ಜಾಸ್ತಿ ಬಲದಿಂದ ಎಳೆಯುವುದು ನಿಜ. ಆದರೆ ತೆಂಗಿನಕಾಯಿಯನ್ನು ಅಲುಗಾಡಿಸುವುದೂ ಅಷ್ಟೇ ಜಾಸ್ತಿ ಕಷ್ಟ. ಒಂದು ಮೂಟೆ ಹೊತ್ತ ಗಾಡಿಯನ್ನು ಒಬ್ಬರು ಎಳೆಯುತ್ತಿದ್ದಾರೆ, ಎರಡು ಮೂಟೆಯ ಗಾಡಿಯನ್ನು ಇಬ್ಬರು ಎಳೆಯುತ್ತಿದ್ದಾರೆ ಅಂದುಕೊಳ್ಳಿ. ಎರಡೂ ಒಂದೇ ವೇಗದಲ್ಲಿ ಹೋಗುತ್ತವೆ, ಅಲ್ವಾ? ಇದೂ ಹಾಗೆಯೇ. ರಾಶಿ (ವಸ್ತುವಿನಲ್ಲಿ ಎಷ್ಟು ದ್ರವ್ಯ ಇದೆ ಅನ್ನುವುದು) ಎಷ್ಟು ಪಟ್ಟು ಹೆಚ್ಚುತ್ತದೋ ಎಳೆತವೂ ಅಷ್ಟೇ ಪಟ್ಟು ಹೆಚ್ಚುತ್ತದೆ, ಜಡತ್ವವೂ, ಅಂದರೆ ಅಲುಗಾಡಿಸುವ ಕಷ್ಟವೂ, ಅಷ್ಟೇ ಪಟ್ಟು ಹೆಚ್ಚುತ್ತದೆ. ಇದು ಮನಸ್ಸಿಗೆ ಹತ್ತುವವರೆಗೆ ಮುಂದೆ ಹೋಗಬೇಡಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಎರಡನೇ ಹೆಜ್ಜೆ: ಹದಿನಾರರ ಲೆಕ್ಕ

ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡೂ, ಸೆಕೆಂಡಿಗೆ 9.8 ಮೀಟರಿನಷ್ಟು ಹೆಚ್ಚುತ್ತಾ ಹೋಗುತ್ತದೆ. ಒಂದು ಸೆಕೆಂಡ್ ಆದಾಗ ವೇಗ 9.8, ಎರಡಾದಾಗ 19.6, ಮೂರಾದಾಗ 29.4. ಈ 9.8ಕ್ಕೆ ಗುರುತ್ವ ವೇಗೋತ್ಕರ್ಷ ಅಂತ ಹೆಸರು. ಮೇಷ್ಟ್ರುಗಳು "ಚಿಕ್ಕ ಜಿ" ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಎಷ್ಟು ದೂರ ಬಿತ್ತು ಅಂತ ತಿಳಿಯಲು ಒಂದು ಸುಲಭದ ಲೆಕ್ಕ ಇದೆ. ಬಿದ್ದ ಸೆಕೆಂಡನ್ನು ಅದರಿಂದಲೇ ಗುಣಿಸಿ, ಮತ್ತೆ 16ರಿಂದ ಗುಣಿಸಿ. ಬರುವುದು ಅಡಿಗಳ ಲೆಕ್ಕ. ಮೀಟರ್ ಬೇಕಿದ್ದರೆ 16ರ ಬದಲು 4.9 ಹಾಕಿ.

ಕಡೂರು, ಅರಸೀಕೆರೆ ಕಡೆ ಹಳೆಯ ತೆರೆದ ಬಾವಿಗಳು ಇನ್ನೂ ಇವೆ. ನೀರು ಎಷ್ಟು ಆಳದಲ್ಲಿದೆ ಅಂತ ನೋಡಲು ಹಗ್ಗ ಬೇಕಿಲ್ಲ. ಒಂದು ಸಣ್ಣ ಕಲ್ಲನ್ನು ಎಸೆಯದೆ, ಸುಮ್ನೆ ಕೈಬಿಡಿ. "ಡುಬುಕ್" ಅಂತ ಸದ್ದು ಬರುವವರೆಗೆ ಎಣಿಸಿ. ಒಂದು ಸೆಕೆಂಡಾದರೆ 16 ಅಡಿ. ಒಂದೂವರೆಯಾದರೆ 36 ಅಡಿ. ಎರಡಾದರೆ 64. ಮೂರಾದರೆ 144. ಸದ್ದು ಮೇಲೆ ಬರಲೂ ಸ್ವಲ್ಪ ಹೊತ್ತು ಬೇಕು. ಆದರೆ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದರಿಂದ ಇಷ್ಟು ಆಳಕ್ಕೆ ಅದನ್ನು ಬಿಟ್ಟುಬಿಡಬಹುದು. ಮಕ್ಕಳನ್ನು ಬಾವಿಯ ಕಟ್ಟೆಗೆ ಬಗ್ಗಲು ಬಿಡಬೇಡಿ. ಕಲ್ಲು ಬಿಡುವುದು ದೊಡ್ಡವರ ಕೆಲಸ, ಎಣಿಸುವುದು ಮಕ್ಕಳ ಕೆಲಸ.

ಆಮೇಲೆ ತೆಂಗಿನಮರದ ಲೆಕ್ಕ ಮಾಡಿ. ಕಾಯಿ 15 ಮೀಟರ್ ಎತ್ತರದಲ್ಲಿದ್ದರೆ ನೆಲಕ್ಕೆ ಬರಲು ಹಿಡಿಯುವುದು ಸುಮಾರು 1.75 ಸೆಕೆಂಡ್. ಬಂದು ಬೀಳುವಾಗ ವೇಗ ಸೆಕೆಂಡಿಗೆ 17 ಮೀಟರ್. ಅಂದರೆ ಗಂಟೆಗೆ 60 ಕಿ.ಮೀ.ಗಿಂತ ಜಾಸ್ತಿ. ತೆಂಗಿನಮರದ ಕೆಳಗೆ ಮಂಚ ಹಾಕಬೇಡ ಅಂತ ಅಜ್ಜಿ ಬೈಯುತ್ತಿದ್ದದ್ದು ಈ ಲೆಕ್ಕ ಮಾಡಿದ ದಿನ ನೆನಪಾಯಿತು.

ಮೂರನೇ ಹೆಜ್ಜೆ: 9.8 ನಿಜವೇ ಅಂತ ನೀವೇ ಅಳೆಯಿರಿ

ನನಗೆ ತುಂಬಾ ಇಷ್ಟವಾದ ಭಾಗ ಇದು. ಪುಸ್ತಕದಲ್ಲಿದ್ದ ಅಂಕಿ ನಿಮ್ಮ ಮನೆಯ ಬಾಗಿಲಲ್ಲೇ ಸಿಗುತ್ತದೆ.

ದಾರಕ್ಕೆ ಒಂದು ಕಲ್ಲು ಕಟ್ಟಿ ಬಾಗಿಲಿನ ಮೇಲಿನ ಮೊಳೆಗೆ ತೂಗುಹಾಕಿ. ಮೊಳೆಗೆ ಕಟ್ಟಿದ ಜಾಗದಿಂದ ಕಲ್ಲಿನ ನಡುಮಧ್ಯದವರೆಗೆ ಸರಿಯಾಗಿ 1 ಮೀಟರ್ ಇರಲಿ. ಕಲ್ಲಿನ ತಲೆಯವರೆಗೆ ಅಳೆದು ನಿಲ್ಲಿಸಿದರೆ ತಪ್ಪಾಗುತ್ತದೆ. ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಉತ್ತರ ನೂರಕ್ಕೆ ಒಂದರಷ್ಟು ಸರಿಯುತ್ತದೆ. ಕಲ್ಲನ್ನು ಒಂದು ಗೇಣಿಗಿಂತ ಕಡಿಮೆ ಪಕ್ಕಕ್ಕೆ ಎಳೆದು ಬಿಡಿ. ಜೋರಾಗಿ ತೂಗಬೇಡಿ.

ಹೋಗಿ ಬಂದರೆ ಒಂದು ಓಲಾಟ. 20 ಓಲಾಟಕ್ಕೆ ಎಷ್ಟು ಸಮಯ ಅಂತ ನೋಡಿ. ಕಲ್ಲು ಬಿಟ್ಟ ಕೂಡಲೇ "ಒಂದು" ಅಂತ ಶುರು ಮಾಡುವುದು ಎಲ್ಲರೂ ಮಾಡುವ ತಪ್ಪು. ಬಿಟ್ಟಾಗ "ಸೊನ್ನೆ" ಅನ್ನಿ. ಅದು ತಿರುಗಿ ನಿಮ್ಮ ಕೈ ಹತ್ತಿರ ಬಂದಾಗ "ಒಂದು". ನನ್ನ ಸೊಸೆ ಮೊದಲ ಸಲ ಹೀಗೇ ತಪ್ಪಿ, ಗುರುತ್ವ 10.8 ಅಂತ ಕಂಡುಹಿಡಿದಿದ್ದಳು.

ಎರಡನೇ ಸಲ ಅವಳಿಗೆ ಬಂದದ್ದು 40.2 ಸೆಕೆಂಡ್. ಅಂದರೆ ಒಂದು ಓಲಾಟಕ್ಕೆ 2.01. ಈಗ ಲೆಕ್ಕ ಹೀಗೆ: 39.5ನ್ನು ದಾರದ ಉದ್ದದಿಂದ ಗುಣಿಸಿ, ಒಂದು ಓಲಾಟದ ಕಾಲದ ವರ್ಗದಿಂದ ಭಾಗಿಸಿ. ಈ 39.5 ಅನ್ನುವುದು ಪೈ ವರ್ಗದ ನಾಲ್ಕು ಪಟ್ಟು, ಲೋಲಕದ (ಹೀಗೆ ದಾರದಲ್ಲಿ ತೂಗುವ ವಸ್ತುವಿನ) ಸೂತ್ರದಿಂದ ಬಂದದ್ದು. 39.5 × 1 ÷ (2.01 × 2.01) ಮಾಡಿದರೆ 9.78. ಅವಳು ಮೂರು ಸಲ ಲೆಕ್ಕ ಹಾಕಿ ನೋಡಿದಳು.

ಇದರಲ್ಲಿ ಇನ್ನೂ ಒಂದು ಸೊಗಸಿದೆ. ಚಿಕ್ಕ ಜಿ ಭೂಮಿಯ ಮೇಲೆ ಎಲ್ಲ ಕಡೆ ಒಂದೇ ಇಲ್ಲ. ಧ್ರುವಗಳ ಹತ್ತಿರ 9.83. ಸಮಭಾಜಕದ ಹತ್ತಿರ 9.78. ಭೂಮಿ ತಿರುಗುತ್ತಿದೆ, ನಡುವಲ್ಲಿ ಸ್ವಲ್ಪ ಉಬ್ಬಿಯೂ ಇದೆ, ಅದಕ್ಕೆ ಈ ವ್ಯತ್ಯಾಸ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಸುಮಾರು 9.78 ಇರುತ್ತದೆ. ದಾರ ಮತ್ತು ಕಲ್ಲಿನ ಅಳತೆಯನ್ನು ಎರಡನೇ ದಶಾಂಶದವರೆಗೆ ನಂಬುವ ಹಾಗಿಲ್ಲ, ನಿಮಗೆ 9.6ರಿಂದ 10ರೊಳಗೆ ಬಂದರೂ ಚೆನ್ನಾಗಿ ಮಾಡಿದ್ದೀರಿ ಅಂತಲೇ ಅರ್ಥ.

ಬಿಚ್ಚುವ ಮುಂಚೆ ಎರಡು ಬದಲಾವಣೆ ಮಾಡಿ ನೋಡಿ. ಕಲ್ಲನ್ನು ಬದಲಿಸಿ, ಎರಡು ಪಟ್ಟು ಭಾರದ್ದನ್ನು ಕಟ್ಟಿ. ಕಾಲ ಬದಲಾಗುವುದಿಲ್ಲ. ಮೊದಲ ಹೆಜ್ಜೆಯಲ್ಲಿ ಕಂಡದ್ದೇ ಇಲ್ಲೂ ಕಾಣುತ್ತದೆ. ಆಮೇಲೆ ದಾರವನ್ನು ಕಾಲು ಮೀಟರಿಗೆ ಇಳಿಸಿ. 20 ಓಲಾಟ ಈಗ ಸುಮಾರು 20 ಸೆಕೆಂಡಿಗೇ ಮುಗಿಯುತ್ತದೆ.

ನಾಲ್ಕನೇ ಹೆಜ್ಜೆ: ರಾಶಿ ಬೇರೆ, ತೂಕ ಬೇರೆ

ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಸಂಜೆ ತೋಟದಲ್ಲಿ ಚೀಲಗಳನ್ನು ತೂಕಕ್ಕೆ ಹಾಕುತ್ತಾರೆ. ಕೊಕ್ಕೆಗೆ ಚೀಲ ನೇತುಹಾಕಿದರೆ ಸ್ಪ್ರಿಂಗ್ ಎಳೆದುಕೊಂಡು ಮುಳ್ಳು 40 ಕೆ.ಜಿ. ತೋರಿಸುತ್ತದೆ. 40 ಕೆ.ಜಿ. ಅನ್ನುವುದು ರಾಶಿ. ಚೀಲದಲ್ಲಿ ಎಷ್ಟು ಹಣ್ಣಿದೆ ಅನ್ನುವ ಮಾತು ಅದು. ಆ ಚೀಲವನ್ನು ಭೂಮಿ ಎಳೆಯುವ ಬಲವೇ ತೂಕ. ಅದನ್ನು ನ್ಯೂಟನ್‌ನಲ್ಲಿ ಹೇಳುತ್ತಾರೆ. ರಾಶಿಯನ್ನು ಚಿಕ್ಕ ಜಿಯಿಂದ ಗುಣಿಸಿದರೆ ಸಿಗುತ್ತದೆ: 40 × 9.8, ಅಂದರೆ 392 ನ್ಯೂಟನ್. ಒಂದು ನ್ಯೂಟನ್ ಅಂದರೆ ಎಷ್ಟು ಅಂತ ಕೈಗೆ ತಿಳಿಯಬೇಕಿದ್ದರೆ 100 ಗ್ರಾಂ ಕಾಫಿಪುಡಿಯ ಪೊಟ್ಟಣ ಅಂಗೈ ಮೇಲಿಟ್ಟುಕೊಳ್ಳಿ. ಹೆಚ್ಚುಕಡಿಮೆ ಅಷ್ಟೇ.

ಅದೇ ಚೀಲ ಚಂದ್ರನ ಮೇಲೆ ಹೋದರೆ? ಅಲ್ಲಿ ಚಿಕ್ಕ ಜಿ 1.62 ಮಾತ್ರ. ಸ್ಪ್ರಿಂಗ್ ತಕ್ಕಡಿಯ ಮುಳ್ಳು 6.6 ಕೆ.ಜಿ.ಗೇ ನಿಲ್ಲುತ್ತದೆ. ಆದರೆ ಎರಡು ತಟ್ಟೆಯ ಹಳೆಯ ತಕ್ಕಡಿ ತೆಗೆದುಕೊಂಡು ಹೋದರೆ ಅದು ಅಲ್ಲೂ 40 ಕೆ.ಜಿ. ಅಂತಲೇ ಹೇಳುತ್ತದೆ. ಆ ಕಡೆಯ ಬಟ್ಟುಗಳನ್ನೂ ಚಂದ್ರ ಅಷ್ಟೇ ಕಡಿಮೆ ಎಳೆಯುತ್ತಾನಲ್ಲ! ಸ್ಪ್ರಿಂಗ್ ಬಲವನ್ನು ಅಳೆಯುತ್ತದೆ, ತಟ್ಟೆಯ ತಕ್ಕಡಿ ರಾಶಿಗಳನ್ನು ಹೋಲಿಸುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಮಕ್ಕಳು ಇಲ್ಲೇ ಎಡವುತ್ತಾರೆ. ಚಂದ್ರಯಾನ-3ರ ಪ್ರಜ್ಞಾನ್ ರೋವರಿನ ರಾಶಿ 26 ಕೆ.ಜಿ. ಇಲ್ಲೂ ಅಷ್ಟೇ, ಅಲ್ಲೂ ಅಷ್ಟೇ. ತೂಕ ಮಾತ್ರ 255 ನ್ಯೂಟನ್‌ನಿಂದ 42ಕ್ಕೆ ಇಳಿಯಿತು.

ಐದನೇ ಹೆಜ್ಜೆ: ಎಲ್ಲವೂ ಎಲ್ಲವನ್ನೂ ಎಳೆಯುತ್ತದೆ

ಇಲ್ಲಿಯವರೆಗೆ ಭೂಮಿ ಎಳೆಯುತ್ತದೆ ಅಂದೆವು. 1687ರಲ್ಲಿ ನ್ಯೂಟನ್ ಪ್ರಕಟಿಸಿದ ನಿಯಮ ಅದಕ್ಕಿಂತ ದೊಡ್ಡದು. ಯಾವ ಎರಡು ವಸ್ತುಗಳಾದರೂ ಸರಿ, ಒಂದನ್ನೊಂದು ಎಳೆಯುತ್ತವೆ. ಎರಡರ ರಾಶಿಯನ್ನೂ ಗುಣಿಸಿ, ನಡುವಿನ ದೂರದ ವರ್ಗದಿಂದ ಭಾಗಿಸಿ, ಒಂದು ಸ್ಥಿರಾಂಕದಿಂದ ಗುಣಿಸಿದರೆ ಬಲ ಸಿಗುತ್ತದೆ. ಆ ಸ್ಥಿರಾಂಕವೇ "ದೊಡ್ಡ ಜಿ". ಅದರ ಬೆಲೆ 0.0000000000667. ಸೊನ್ನೆಗಳನ್ನು ನೋಡಿದಿರಾ? ಗುರುತ್ವ ಎಷ್ಟು ಸಣ್ಣ ಬಲ ಅಂತ ಆ ಸೊನ್ನೆಗಳೇ ಹೇಳುತ್ತವೆ.

60 ಕೆ.ಜಿ.ಯ ಇಬ್ಬರು ಒಂದು ಮೀಟರ್ ದೂರದಲ್ಲಿ ಕೂತಿದ್ದಾರೆ ಅನ್ನಿ. ಅವರ ನಡುವಿನ ಎಳೆತ ಸುಮಾರು 0.00000024 ನ್ಯೂಟನ್. ಒಂದು ಸಾಸಿವೆ ಕಾಳಿನ ತೂಕದ ನೂರರಲ್ಲಿ ಒಂದು ಭಾಗದಷ್ಟು. ಅದಕ್ಕೇ ನಮಗೆ ಗೊತ್ತೇ ಆಗುವುದಿಲ್ಲ. ಭೂಮಿಯ ಎಳೆತ ಗೊತ್ತಾಗುವುದು ಅದರ ರಾಶಿ ಅಷ್ಟು ದೊಡ್ಡದು ಅಂತ.

ಇಷ್ಟು ಸಣ್ಣ ಬಲವನ್ನೂ ಒಬ್ಬರು ಅಳೆದರು. 1798ರಲ್ಲಿ ಹೆನ್ರಿ ಕ್ಯಾವೆಂಡಿಷ್ ಸಣ್ಣ ತಂತಿಯಿಂದ ಒಂದು ಅಡ್ಡಕೋಲು ತೂಗುಹಾಕಿ, ಅದರ ತುದಿಗಳಿಗೆ ಸಣ್ಣ ಸೀಸದ ಗುಂಡು ಕಟ್ಟಿದರು. ಹತ್ತಿರಕ್ಕೆ 158 ಕೆ.ಜಿ.ಯ ದೊಡ್ಡ ಸೀಸದ ಗುಂಡುಗಳನ್ನು ತಂದರು. ತಂತಿ ಒಂದಿಷ್ಟೇ ಇಷ್ಟು ತಿರುಚಿತು. ತಾವು ಹತ್ತಿರ ಹೋದರೆ ಮೈಬಿಸಿಗೆ ಗಾಳಿ ಕದಡುತ್ತದೆ ಅಂತ ಅವರು ಕೋಣೆಯ ಹೊರಗೆ ನಿಂತು ದುರ್ಬೀನಿನಲ್ಲಿ ನೋಡಿದರು. ಅದರಿಂದ ಭೂಮಿ ನೀರಿಗಿಂತ ಸುಮಾರು ಐದೂವರೆ ಪಟ್ಟು ಸಾಂದ್ರ ಅಂತ ಲೆಕ್ಕ ಸಿಕ್ಕಿತು. ನಮ್ಮ ಹೊಲದ ಬಂಡೆಗಳು ನೀರಿಗಿಂತ ಎರಡೂವರೆಯಿಂದ ಮೂರು ಪಟ್ಟು ಅಷ್ಟೇ. ಹಾಗಾದರೆ ಭೂಮಿಯ ಹೊಟ್ಟೆಯಲ್ಲಿ ಇದಕ್ಕಿಂತ ಭಾರದ್ದೇನೋ ಇರಲೇಬೇಕು. ಇರುವುದು ಕಬ್ಬಿಣ. ಒಂದು ಕೋಣೆಯಲ್ಲಿ ನಾಲ್ಕು ಗುಂಡು ಇಟ್ಟುಕೊಂಡು ಭೂಮಿಯ ತಿರುಳನ್ನು ತಿಳಿಯಬಹುದು ಅನ್ನುವುದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ.

ದೂರದ ವಿಷಯದಲ್ಲಿ ಒಂದು ಎಚ್ಚರಿಕೆ. ದೂರವನ್ನು ಅಳೆಯಬೇಕಾದದ್ದು ಭೂಮಿಯ ಕೇಂದ್ರದಿಂದ. ನಾವು ನಿಂತಿರುವುದೇ ಕೇಂದ್ರದಿಂದ 6,371 ಕಿ.ಮೀ. ದೂರದಲ್ಲಿ. 1,930 ಮೀಟರಿನ ಮುಳ್ಳಯ್ಯನಗಿರಿ ಹತ್ತಿದರೆ ಆ ದೂರ ಎರಡು ಕಿ.ಮೀ. ಕೂಡ ಹೆಚ್ಚಲಿಲ್ಲ. ಎತ್ತರವೊಂದನ್ನೇ ಲೆಕ್ಕಕ್ಕೆ ಹಿಡಿದರೆ, ಮಂಗಳೂರಿನ ಕಡಲ ದಡದಲ್ಲಿ 60 ಕೆ.ಜಿ. ತೋರಿಸಿದ ಸ್ಪ್ರಿಂಗ್ ತಕ್ಕಡಿ ಬೆಟ್ಟದ ತುದಿಯಲ್ಲಿ 36 ಗ್ರಾಂ ಕಡಿಮೆ ತೋರಿಸುತ್ತದೆ. ಬೆಟ್ಟ ಹತ್ತುವಾಗ ಹೋದ ಬೆವರು ಅದಕ್ಕಿಂತ ಜಾಸ್ತಿ.

ಬಾಹ್ಯಾಕಾಶದಲ್ಲಿ ಗುರುತ್ವ ಇಲ್ಲ ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿ ಚಿಕ್ಕ ಜಿ 8.7 ಇದೆ. ಇಲ್ಲಿನ ಎಳೆತದ ಹತ್ತರಲ್ಲಿ ಒಂಬತ್ತು ಪಾಲು! ಹಾಗಾದರೆ ಅಲ್ಲಿರುವವರು ಯಾಕೆ ತೇಲುತ್ತಾರೆ ಅನ್ನುವುದು ಕೊನೆಯ ಹೆಜ್ಜೆಯಲ್ಲಿ ತಿಳಿಯುತ್ತದೆ.

ನಡುವೆ ಎರಡು ಮಾತು, ನಮ್ಮ ಕಡೆಯದು

ಬೇಲೂರಿಗೆ ಹೋದರೆ ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿರುವ ಸುಮಾರು 42 ಅಡಿಯ ಕಲ್ಲಿನ ಕಂಬವನ್ನು ಮಕ್ಕಳಿಗೆ ತೋರಿಸಿ. ಅದನ್ನು ನೆಲದಲ್ಲಿ ಹೂತಿಲ್ಲ. ಜಗಲಿಯ ಮೇಲೆ ತನ್ನ ತೂಕದಿಂದಲೇ ನಿಂತಿದೆ. ಗುರುತ್ವ ಕೇಂದ್ರದಿಂದ (ವಸ್ತುವಿನ ತೂಕವೆಲ್ಲ ಒಂದೇ ಕಡೆ ಇದೆ ಅಂತ ಎಣಿಸಬಹುದಾದ ಬಿಂದುವಿನಿಂದ) ನೇರ ಕೆಳಗೆ ಎಳೆದ ಗೆರೆ ಬುಡದ ಒಳಗೇ ಬೀಳುವವರೆಗೆ ಯಾವ ವಸ್ತುವೂ ಉರುಳುವುದಿಲ್ಲ. ಮನೆಯಲ್ಲಿ ಒಂದು ಇಟ್ಟಿಗೆಯನ್ನು ನಿಲ್ಲಿಸಿ, ನಿಧಾನವಾಗಿ ಓರೆ ಮಾಡುತ್ತಾ ಹೋಗಿ. ಯಾವ ಹಂತದಲ್ಲಿ ಕೈ ಬಿಟ್ಟರೆ ಬೀಳುತ್ತದೆ ಅಂತ ಬೆರಳಿಗೇ ತಿಳಿಯುತ್ತದೆ.

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಹಳಿ 50 ಮೀಟರಿಗೆ 1 ಮೀಟರ್ ಇಳಿಯುತ್ತದೆ. ಅಂದರೆ ರೈಲಿನ ತೂಕದ ಐವತ್ತರಲ್ಲಿ ಒಂದು ಭಾಗ ಅದನ್ನು ಯಾವಾಗಲೂ ಇಳಿಜಾರಿನ ಕಡೆಗೆ ಎಳೆಯುತ್ತಿರುತ್ತದೆ. 1,000 ಟನ್ನಿನ ಗಾಡಿಗೆ 20 ಟನ್ ಎಳೆತ. ಘಾಟಿ ಹತ್ತುವಾಗ ಹಿಂದಿನಿಂದಲೂ ಎಂಜಿನ್ ತಳ್ಳುವುದು ಇದಕ್ಕೇ.

ಆರನೇ ಹೆಜ್ಜೆ: ಪಕ್ಕಕ್ಕೆ ಎಸೆದು ನೋಡಿ

ಮೇಜಿನ ಅಂಚಿನಲ್ಲಿ ಒಂದು ನಾಣ್ಯ ಇಡಿ. ಇನ್ನೊಂದನ್ನು ಅದೇ ಎತ್ತರದಲ್ಲಿ ಬೆರಳಲ್ಲಿ ಹಿಡಿಯಿರಿ. ಮೇಜಿನ ಮೇಲಿನದನ್ನು ಜೋರಾಗಿ ಅಡ್ಡಕ್ಕೆ ಚಿಮ್ಮಿಸಿ, ಅದೇ ಕ್ಷಣ ಕೈಯಲ್ಲಿದ್ದದ್ದನ್ನು ಬಿಡಿ. ಕಣ್ಣು ಮುಚ್ಚಿ ಸದ್ದು ಕೇಳಿ. ಒಂದು ದೂರ ಹೋಗಿ ಬಿದ್ದಿದೆ, ಇನ್ನೊಂದು ಕಾಲ ಬುಡದಲ್ಲೇ ಇದೆ. ಸದ್ದು ಮಾತ್ರ ಒಟ್ಟಿಗೆ ಬಂತು. ಪಕ್ಕಕ್ಕೆ ಎಷ್ಟು ಜೋರಾಗಿ ಹೋದರೂ ಕೆಳಕ್ಕೆ ಬೀಳುವುದು ಬೀಳುತ್ತಲೇ ಇರುತ್ತದೆ. ಕೈ ಹೊಂದಿಕೊಳ್ಳಲು ಐದಾರು ಸಲ ಮಾಡಬೇಕಾಗುತ್ತದೆ.

ಈಗ ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತು ಅಡ್ಡಕ್ಕೆ ಕಲ್ಲು ಎಸೆಯುತ್ತೀರಿ ಅಂದುಕೊಳ್ಳಿ. ಗಾಳಿ ಇಲ್ಲವೆಂದು ಇಟ್ಟುಕೊಳ್ಳೋಣ. ಜೋರಾಗಿ ಎಸೆದಷ್ಟೂ ದೂರ ಬೀಳುತ್ತದೆ. ಇನ್ನೂ ಜೋರಾಗಿ ಎಸೆಯಿರಿ. ಭೂಮಿ ದುಂಡಗಿದೆ, ನೇರಕ್ಕೆ 8 ಕಿ.ಮೀ. ಹೋಗುವಷ್ಟರಲ್ಲಿ ಅದರ ಮೈ ಸುಮಾರು 5 ಮೀಟರ್ ಕೆಳಗೆ ಬಾಗಿರುತ್ತದೆ. ಒಂದು ಸೆಕೆಂಡಿನಲ್ಲಿ ಕಲ್ಲು ಎಷ್ಟು ಬೀಳುತ್ತದೆ? ಎರಡನೇ ಹೆಜ್ಜೆಯಲ್ಲಿ ನೋಡಿದೆವಲ್ಲ, 4.9 ಮೀಟರ್. ಹಾಗಾದರೆ ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗದಲ್ಲಿ ಎಸೆದರೆ ಕಲ್ಲು ಬಿದ್ದಷ್ಟೇ ನೆಲವೂ ಬಾಗಿ ಸರಿಯುತ್ತದೆ. ಕಲ್ಲು ಬೀಳುತ್ತಲೇ ಇರುತ್ತದೆ, ನೆಲ ಸಿಗುವುದೇ ಇಲ್ಲ. ಬಾಹ್ಯಾಕಾಶ ನಿಲ್ದಾಣವೂ ಒಳಗಿನ ಜನರೂ ಹೀಗೆ ಒಟ್ಟಿಗೇ ಬೀಳುತ್ತಿರುತ್ತಾರೆ. ಪುಸ್ತಕ ಮತ್ತು ಕಾಗದದ ಹಾಗೆ. ಅದಕ್ಕೇ ಅವರು ತೇಲಿದಂತೆ ಕಾಣುತ್ತಾರೆ.

ಇನ್ನು ಹಾಸನದವರ ಉಪಗ್ರಹಗಳು. ಅವು ಇರುವುದು ನೆಲದಿಂದ ಸುಮಾರು 36,000 ಕಿ.ಮೀ. ಮೇಲೆ, ಕೇಂದ್ರದಿಂದ 42,000ಕ್ಕೂ ಸ್ವಲ್ಪ ಜಾಸ್ತಿ. ನಮ್ಮ ದೂರದ 6.6 ಪಟ್ಟು. 6.6ರ ವರ್ಗ ಸುಮಾರು 44, ಆದ್ದರಿಂದ ಎಳೆತ ಇಲ್ಲಿನ ನಲವತ್ತನಾಲ್ಕರಲ್ಲಿ ಒಂದು. ಸೆಕೆಂಡಿಗೆ ಮುಂದಕ್ಕೆ ಸುಮಾರು 3 ಕಿ.ಮೀ. ಹೋಗುತ್ತವೆ, ಅಷ್ಟರಲ್ಲಿ 11 ಸೆಂ.ಮೀ. ಬೀಳುತ್ತವೆ. ಹೀಗೆ ಒಂದು ಸುತ್ತು ಮುಗಿಸುವ ಹೊತ್ತಿಗೆ ಭೂಮಿಯೂ ಒಂದು ಸುತ್ತು ತಿರುಗಿರುತ್ತದೆ. ಅದರಿಂದಲೇ ಮನೆಯ ಮೇಲಿನ ಟಿವಿ ಡಿಶ್ಶನ್ನು ಒಮ್ಮೆ ಬಿಗಿದರೆ ಮತ್ತೆ ತಿರುಗಿಸಬೇಕಿಲ್ಲ. ಸೂರ್ಯ, ಚಂದ್ರರೂ ಈ ಉಪಗ್ರಹಗಳನ್ನು ಸ್ವಲ್ಪ ಸ್ವಲ್ಪ ಎಳೆದು ಜಾಗ ತಪ್ಪಿಸುತ್ತಾರೆ. ಆಗ ಎಂಸಿಎಫ್‌ನಿಂದ ಆಜ್ಞೆ ಹೋಗಿ, ಉಪಗ್ರಹದ ಸಣ್ಣ ಎಂಜಿನ್‌ಗಳು ಉರಿದು ಅದನ್ನು ಮತ್ತೆ ಜಾಗಕ್ಕೆ ತರುತ್ತವೆ.

11 ಸೆಂ.ಮೀ. ಅನ್ನುವ ಲೆಕ್ಕವನ್ನು ನನ್ನ ಸೊಸೆಯೇ ಹಾಕಿದ್ದು. ಹಾಕಿ ಮುಗಿಸಿ ಜಗಲಿಯಲ್ಲಿ ಕೂತಿದ್ದಳು. ಹೊರಗೆ ಬೆಳದಿಂಗಳು.

"ಅತ್ತೆ, ಹಾಗಾದ್ರೆ ಚಂದ್ರನೂ ಬೀಳ್ತಾ ಇದ್ದಾನಾ?"

ಪೆನ್ಸಿಲ್ ಕೈಗೆ ಕೊಟ್ಟೆ. ಚಂದ್ರ ಇರುವುದು ನಮ್ಮ ದೂರದ 60 ಪಟ್ಟು ದೂರದಲ್ಲಿ ಅಂತ ಮಾತ್ರ ಹೇಳಿದೆ. 60ರ ವರ್ಗ 3,600. 4.9 ಮೀಟರನ್ನು 3,600ರಿಂದ ಭಾಗಿಸಿದಳು. ಸೆಕೆಂಡಿಗೆ 1.4 ಮಿಲಿಮೀಟರ್ ಬಂತು. ಅಂಗಳದಲ್ಲಿ ಒಣಹಾಕಿದ್ದ ಕಾಳುಮೆಣಸಿನಲ್ಲಿ ಒಂದನ್ನು ಎತ್ತಿ ಬೆರಳ ತುದಿಯಲ್ಲಿ ಹಿಡಿದಳು. ಅದರ ದಪ್ಪದ ಮೂರರಲ್ಲಿ ಒಂದು ಪಾಲೂ ಇಲ್ಲ.